ಜಗಲಿಗೆ ಕಟ್ಟಿದ ಭತ್ತದ ತೆನೆ

ಪ್ರೇಮಮ್ಮ ಬಾಯಿ ಮುಚ್ಚಿಕೊಂಡು ವಾರದ ಮೇಲಾಗಿತ್ತು. ಹನಗೋಡಿನಿಂದಾಚೆಯ ಆ ಕಾಡಂಚಿನ ಊರಿನಲ್ಲಿ ಯಾರಿಗೆ ಹೇಳಿದರೂ ಈ ಮಾತನ್ನು ನಂಬುತ್ತಿರಲಿಲ್ಲ. ಬೆಳಗ್ಗೆ ಎದ್ದು ಲಿಂಗಪೂಜೆ ಮುಗಿಸಿ ಹಣೆಗೆ ವಿಭೂತಿ ಹಚ್ಚಿಕೊಂಡರೆಂದರೆ ಮಲಗುವ ತನಕ ಅವರ ನಾಲಿಗೆಗೆ ಬಿಡುವೆಂಬುದೇ ಇರಲಿಲ್ಲ. ಸಾರಿಗೆ ಹುಳಿ ಜಾಸ್ತಿ, ಅಂಗಳಕ್ಕೆ ಹಾಕಿದ ಸಗಣಿ ನೀರು ತೆಳು, ಹಸುವಿಗೆ ಹಾಕಿದ ಹುಲ್ಲು ಒದ್ದೆ. ಇದರಲ್ಲಿ ದೊಡ್ಡ ಪಾಲು ಸೊಸೆ ಪೂಜಾಳಿಗೆ ಸಿಗುತ್ತಿತ್ತು. ಕೊಟ್ಟಿಗೆಯಲ್ಲಿ ಜಾರಿ ಬಿದ್ದು ತೊಡೆಯ ಮೂಳೆ ಮುರಿದುಕೊಂಡು, ಮೈಸೂರಿನ ಆಸ್ಪತ್ರೆಯಲ್ಲಿ ಒಳಗೆ ಸರಳು ಹಾಕಿಸಿಕೊಂಡು ಬಂದ ಮೇಲಂತೂ ಮಾಡಲು ಬೇರೆ ಕೆಲಸವಿಲ್ಲದೆ ಆ ಪಾಲು ಇನ್ನಷ್ಟು ಬೆಳೆಯಿತು.

ಪೂಜಾ ತಡೆದಳು, ತಡೆದಳು, ಕೊನೆಗೊಂದು ದಿನ ಬೆಡ್‌ಪ್ಯಾನ್ ತೊಳೆದು ತಂದಿಟ್ಟವಳು ಸಿಡಿದೇಬಿಟ್ಟಳು.

"ಈ ಮನೆಗೆ ಬಂದು ಎರಡು ವರ್ಷ ಆಯ್ತು. ನಾನು ಮಾಡಿದ್ರಲ್ಲಿ ಒಂದಾದ್ರೂ ನಿಮಗೆ ಸರಿ ಕಂಡಿದ್ಯಾ ಅತ್ತೆ? ಒಂದೇ ಒಂದು ಹೇಳಿ ನೋಡಣ."

ಅವಳ ಗಂಡ ಗೌರೀಶ್ ಮುದ್ದೆ ಮುರಿಯುತ್ತಾ ಕೂತಿದ್ದ. ಯಾವತ್ತೂ ಇಬ್ಬರ ನಡುವೆ ಬಾಯಿ ಹಾಕದವನು ಅವತ್ತು ತಾಯಿಯ ಕಡೆ ತಿರುಗಿ, "ಇನ್ಮ್ಯಾಲೆ ಅವಳ ತಂಟೆಗೆ ಓಗ್ಬ್ಯಾಡ ಕಣವ್ವ, ಸಾಕು," ಅಂದುಬಿಟ್ಟ.

ಪ್ರೇಮಮ್ಮ ಮಗನನ್ನು ನೋಡಿದರು, ಸೊಸೆಯನ್ನು ನೋಡಿದರು. "ಆಯ್ತು ಬುಡಪ್ಪ," ಎಂದರು. ಅಷ್ಟೇ. ಅಂದಿನಿಂದ ನೀರು ಬೇಕಾದರೆ ಲೋಟ ತೋರಿಸುವುದು, ಹೊದಿಕೆ ಬೇಕಾದರೆ ಕಾಲು ತೋರಿಸುವುದು. ಸದ್ಯ ಉಸಿರಾಡಬಹುದು ಎಂದುಕೊಂಡಿದ್ದ ಪೂಜಾಳಿಗೆ ನಾಲ್ಕು ದಿನ ಕಳೆಯುವಷ್ಟರಲ್ಲಿ ಮನೆ ಬಿಕೋ ಅನ್ನತೊಡಗಿತು. ಹಾಗಂತ ಸೋಲಲು ಅವಳೇನು ಕಡಿಮೆಯವಳೇ? ಅವಳೂ ಬಿಗಿದುಕೊಂಡೇ ಇದ್ದಳು.

ಬಾಯಿ ಬಿಗಿದುಕೊಂಡರೂ ಪೂಜಾಳ ಕೈ ಸುಮ್ಮನಿರಬೇಕಲ್ಲ. ಪ್ರೇಮಮ್ಮನಿಗೆ ಒಳಗಿನ ಕತ್ತಲ ಕೋಣೆಯಲ್ಲಿ ಹಗಲು ಹೊತ್ತು ಹೋಗುತ್ತಿರಲಿಲ್ಲ. ದಿನಾ ಬೆಳಗ್ಗೆ ಗೌರೀಶ್ ತಾಯಿಯನ್ನು ಎರಡೂ ತೋಳಲ್ಲಿ ಎತ್ತಿಕೊಂಡು ಬಂದು ಜಗಲಿಯ ಕಬ್ಬಿಣದ ಮಂಚದ ಮೇಲೆ ಮಲಗಿಸುತ್ತಿದ್ದ, ದೀಪ ಹಚ್ಚುವ ಮುಂಚೆ ಹಾಗೆಯೇ ಒಳಗೆ ತಂದು ಮಲಗಿಸುತ್ತಿದ್ದ. ಮಂಚ ಬಾಗಿಲಲ್ಲಿ ಹಿಡಿಸುತ್ತಿರಲಿಲ್ಲ. ಹಗಲೆಲ್ಲಾ ಮಲಗಿದವರ ಕಣ್ಣಿಗೆ ಬೀಳುತ್ತಿದ್ದದ್ದು ಮಸಿ ಹಿಡಿದ ಜಂತೆ, ಸುಣ್ಣ ಕಿತ್ತ ಗೋಡೆ, ಮೂಲೆಯಲ್ಲಿ ಜೋತುಬಿದ್ದ ಜೇಡರ ಬಲೆ. ಇದನ್ನು ನೋಡಿ ನೋಡಿ ಮನುಷ್ಯರು ಮೂಕರಾಗದೆ ಇನ್ನೇನಾಗುತ್ತಾರೆ ಎಂದು ಪೂಜಾಳಿಗೆ ಕಸಿವಿಸಿಯಾಯಿತು. ಮಾತಿನಲ್ಲಿ ರಾಜಿಯಾಗಲು ಅವಳಿಗೆ ಮನಸ್ಸಿಲ್ಲ. ಕೈಯಲ್ಲಾದರೆ ಆಗಬಹುದು.

ಶುರು ಮಾಡಿದಳು. ಬಾವಿಯ ಹತ್ತಿರದ ಕೆಮ್ಮಣ್ಣನ್ನು ನೆನೆಸಿ ಸೋಸಿ ಗೋಡೆಗೆ ಬಳಿದಳು. ಅದು ಒಣಗಿದ ಮೇಲೆ ಬೆರಳಿನಿಂದ ಸುಣ್ಣದ ಬಳ್ಳಿ ಎಳೆದಳು. ಹೊಲದಲ್ಲಿ ಬಿದ್ದಿದ್ದ ಹತ್ತಿ ಕಾಯಿಯ ಒಣ ಸಿಪ್ಪೆ ಆರಿಸಿ ತಂದರೆ ಒಂದೊಂದೂ ಐದೆಸಳಿನ ಹೂವೇ. ಮುಸುಕಿನ ಜೋಳದ ಸಿಪ್ಪೆಯನ್ನು ಅರಿಶಿನದ ನೀರಲ್ಲಿ ಅದ್ದಿ ಮಡಚಿದರೆ ಚೆಂಡು ಹೂವು. ಬೇಲಿಯ ಲಂಟಾನ ಕಡ್ಡಿಯನ್ನು ಬಗ್ಗಿಸಿ ಬಳೆ ಮಾಡಿ, ಅದರ ಸುತ್ತ ಇವನ್ನೆಲ್ಲ ಪೋಣಿಸಿ ಗೋಡೆಗೆ ತೂಗುಹಾಕಿದಳು. ಅಟ್ಟದ ಮೇಲೆ ಒಣಗಿ ಬಿದ್ದಿದ್ದ ಸೋರೆ ಬುರುಡೆಗೆ ಕಾದ ಮೊಳೆಯಲ್ಲಿ ತೂತು ಕೊರೆದು ಒಳಗೊಂದು ಬಲ್ಬು ಇಳಿಬಿಟ್ಟಳು. ಸೆಣಬಿನ ದಾರದ ಒಂದು ಉಂಡೆ ಬಿಟ್ಟರೆ ಅಂಗಡಿಯಿಂದ ಏನನ್ನೂ ತರಿಸಲಿಲ್ಲ. ಪ್ರೇಮಮ್ಮ ಮಂಚದ ಮೇಲಿಂದಲೇ ಎಲ್ಲವನ್ನೂ ಕಣ್ಣಲ್ಲಿ ಅಳೆಯುತ್ತಿದ್ದರೇ ಹೊರತು ತುಟಿ ಬಿಚ್ಚಲಿಲ್ಲ.

ಆದರೂ ಪೂಜಾಳಿಗೆ ಜಗಲಿ ತುಂಬಿದ ಹಾಗೆ ಕಾಣಲಿಲ್ಲ. ಅವಳ ತವರು ಮಿರ್ಲೆ. ಕಾವೇರಿ ನೀರಿನ ಗದ್ದೆ ಬಯಲು. ಅವಳ ತವರಿನಲ್ಲಿ ಪ್ರತಿ ಕೊಯ್ಲಿನ ಮೊದಲ ತೆನೆಗಳನ್ನು ಜಡೆ ಹೆಣೆದು ಮುಂಬಾಗಿಲಿಗೆ ಕಟ್ಟುತ್ತಿದ್ದರು. ಗುಬ್ಬಿ ಬಂದು ಕಾಳು ಕುಕ್ಕಿದರೆ ಮನೆಗೆ ಒಳ್ಳೆಯದೆಂದು ಅವಳವ್ವ ಹಿಗ್ಗುತ್ತಿದ್ದಳು. ಈ ಸಂಕ್ರಾಂತಿಗೆ ಅಣ್ಣ ಬಂದಾಗ ಹೊಸ ಅಕ್ಕಿಯ ಜೊತೆ ಗೋಣಿಯಲ್ಲಿ ಸುತ್ತಿ ಒಂದು ಹೊರೆ ತೆನೆ ತಂದುಕೊಟ್ಟಿದ್ದ. ಅದು ಉಗ್ರಾಣದ ಅಟ್ಟದ ಮೇಲಿತ್ತು.

ಅವತ್ತು ಗೌರೀಶ್ ಹೊಗೆಸೊಪ್ಪಿನ ಬೇಲುಗಳನ್ನು ಟೆಂಪೋಗೆ ತುಂಬಿಸಿಕೊಂಡು ನಸುಕಿನಲ್ಲೇ ಹುಣಸೂರಿನ ಹರಾಜಿಗೆ ಹೊರಟ. ತಾಯಿಯನ್ನು ಮಂಚಕ್ಕೆ ತಂದು ಮಲಗಿಸಿ, "ದೀಪ ಅಚ್ಚೋ ವೊತ್ಗೆ ಬಂದ್ಬುಡ್ತೀನಿ," ಎಂದು ಹೇಳಿಹೋದ. ಅವನ ಬೆನ್ನಿಗೇ ಪೂಜಾ ಹೊರೆ ಇಳಿಸಿದಳು. ಕಾಳು ಉದುರದಿರಲೆಂದು ತೆನೆಯನ್ನು ಹಿಂದಿನ ದಿನದ ಹುಳಿ ಬಂದ ಗಂಜಿಯಲ್ಲಿ ಅದ್ದಿ ಬಿಸಿಲಿಗೆ ಹರಡಿದಳು. ಇದೂ ಅವ್ವ ಕಲಿಸಿದ್ದೇ. ಮಧ್ಯಾಹ್ನದ ಹೊತ್ತಿಗೆ ಜಗಲಿಯ ಕಂಬದಿಂದ ಕಂಬಕ್ಕೆ ಬಂಗಾರದ ಬಣ್ಣದ ತೋರಣ. ಎಲ್ಲಕ್ಕಿಂತ ದೊಡ್ಡ ಗೊಂಚಲನ್ನು, ಅತ್ತೆ ಕಣ್ಣು ಬಿಟ್ಟರೆ ಮೊದಲು ಅದೇ ಕಾಣಲೆಂದು, ಮಂಚದ ತಲೆಭಾಗದ ಜಂತೆಗೆ ಬಿಗಿದಳು.

ನಿಜ ಹೇಳಬೇಕೆಂದರೆ ಅಂಥದ್ದನ್ನು ಆ ಊರಿನಲ್ಲಿ ಯಾರೂ ಮಾಡುವುದಿಲ್ಲ. ಅಲ್ಲಿ ಕೊಯ್ದ ಭತ್ತವನ್ನು ಕಣದಲ್ಲಿ ಒಂದು ರಾತ್ರಿಯೂ ಬಿಡುವುದಿಲ್ಲ. ಬಡಿದು, ಮೂಟೆ ಕಟ್ಟಿ, ಟ್ರ್ಯಾಕ್ಟರಿಗೆ ಏರಿಸಿ ಸಾಗಿಸಿದ ಮೇಲೇ ನಿದ್ದೆ. ಭತ್ತದ ವಾಸನೆಗೆ ಆನೆ ಎಷ್ಟು ದೂರದಿಂದಲಾದರೂ ಬರುತ್ತದೆ. ಇದು ಪೂಜಾಳಿಗೆ ಗೊತ್ತಿರಲಿಲ್ಲವೇ ಎಂದರೆ ಗೊತ್ತಿತ್ತು. ಗದ್ದೆಯಲ್ಲಿದ್ದಾಗ ಅದು ಭತ್ತ, ಕಣದಲ್ಲಿದ್ದಾಗಲೂ ಭತ್ತ. ಹೆಣೆದು ಬಾಗಿಲಿಗೆ ಕಟ್ಟಿದ ಮೇಲೆ ಮಾತ್ರ ಅದು ಅವಳ ಪಾಲಿಗೆ ಮಾವಿನೆಲೆ, ಚೆಂಡು ಹೂವುಗಳ ಸಾಲಿಗೆ ಸೇರಿಹೋಗಿತ್ತು. ಈ ವ್ಯತ್ಯಾಸವನ್ನು ಆನೆಗೆ ಯಾರು ಕಲಿಸಬೇಕು?

ಗೊಂಚಲು ಕಟ್ಟಿ ಸ್ಟೂಲಿನಿಂದ ಇಳಿದಾಗ ಪ್ರೇಮಮ್ಮ ಅದನ್ನೇ ನೋಡುತ್ತಿದ್ದರು. ಬಾಯಿ ತೆರೆದರು. ಕಣ್ಣು ಅಂಗಳ ದಾಟಿ, ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನ ಆಚೆ, ಕಾಡಿನ ಕಡೆ ಹೋಗಿ ಮತ್ತೆ ಗೊಂಚಲಿಗೆ ಬಂತು. ಬಾಯಿ ಮುಚ್ಚಿಕೊಂಡರು. ಹುಡುಕಿದರೂ ತಪ್ಪು ಸಿಗಲಿಲ್ಲ ನೋಡು ಎಂದು ಪೂಜಾಳಿಗೆ ಒಳಗೊಳಗೇ ಖುಷಿಯಾಯಿತು. ಸೆಣಬಿನ ದಾರದ ಚೂರುಗಳನ್ನು ಗುಡಿಸಿ ಒಳಗೆ ಹೋದಳು.

ಹೊತ್ತು ಮುಳುಗಿತು. ಗೌರೀಶ್ ಬರಲಿಲ್ಲ. ಹರಾಜು ತಡವಾಯಿತು, ಈಗ ಹೊರಟೆ ಎಂದು ಫೋನ್ ಮಾಡಿದ. ಪೂಜಾ ಅತ್ತೆಗೆ ಹೊದಿಕೆ ಸರಿಮಾಡಿ, ಮಂಚದ ಪಕ್ಕ ಕೂತು ಅವರೆಕಾಯಿ ಬಿಡಿಸುತ್ತಿದ್ದಳು. ಮತ್ತೆ ಫೋನ್ ಬಂತು. ಗಿರಿಜನ ಹಾಡಿಯ ದೇವರಾಜ. ಅರಣ್ಯ ಇಲಾಖೆಯಲ್ಲಿ ವಾಚರ್ ಆಗಿದ್ದ. ಆನೆ ಹೊರಬಂದರೆ ಊರಿನ ಮನೆಮನೆಗೂ ಫೋನ್ ಮಾಡುವವನು ಅವನೇ.

"ಪೂಜಕ್ಕಾ, ಅಣ್ಣ ಮನೇಲವ್ರಾ?"

"ಇಲ್ಲ ಕಣೋ, ದಾರೀಲವ್ರೆ. ಯಾಕೆ?"

"ಅಳ್ಳದತ್ರ ಸೋಲಾರ್ ಬೇಲಿ ಮ್ಯಾಲೆ ಮರ ಬಿದ್ದದೆ. ಅಲ್ಲಿಂದ ಸಲಗ ದಾಟ್ಬುಟ್ಟದೆ, ಒಂಟಿದು. ಅಡ್ಡಡ್ಡ ಎಲ್ಲೂ ತಿರುಗ್ದೆ ನೆಟ್ಟಗೆ ನಿಮ್ಮ ವಲದ ಕಡೀಕೇ ಬತ್ತಾ ಅದೆ. ಬಾಗ್ಲು ಆಕ್ಕೊಂಡು ಒಳಗಿರಿ. ನಾನು ಜೀಪು ಕರ್ಕೊಂಡ್ ಬತ್ತೀನಿ, ಅದು ಆಚೆ ಊರಲ್ಲಿ ಅದೆ."

"ಅತ್ತೆ ಜಗಲಿ ಮೇಲವ್ರೆ ಕಣೋ ದೇವರಾಜ."

ಫೋನಿನಲ್ಲಿ ಅವನು ಓಡತೊಡಗಿದ್ದು ಕೇಳಿಸಿತು. ಆಮೇಲೆ, "ಎಂಗಾದ್ರೂ ಮಾಡಿ ಒಳಕ್ಕೆ ತಕ್ಕೊಳ್ಳಿ ಅಕ್ಕ. ಬಿರ್‍ರನೆ," ಎಂದ.

ಪೂಜಾ ಫೋನನ್ನು ಹಾಸಿಗೆಯ ಮೇಲೆ ಹಾಕಿ ಅತ್ತೆಯ ಕಡೆ ತಿರುಗಿದಳು. ಹೇಳಬೇಕಾದ ಅಗತ್ಯವಿರಲಿಲ್ಲ. ಪ್ರೇಮಮ್ಮ ಎಲ್ಲವನ್ನೂ ಕೇಳಿಸಿಕೊಂಡಿದ್ದರು. ವಾರದಿಂದ ಮುಚ್ಚಿದ್ದ ಬಾಯಿ ತೆರೆಯಿತು.

"ತೆನೆ ಕೀಳೆ ಮೊದ್ಲು!"

"ಏನು?"

"ಭತ್ತ ಕಣೆ! ಅದರ ವಾಸ್ನೆ ಇಡ್ಕೊಂಡೇ ಬತ್ತಾ ಇರೋದು ಅದು. ಸಾಲ್ದು ಅಂತ ಗಂಜಿ ಬ್ಯಾರೆ ಕುಡ್ಸಿದ್ದೀಯ."

ಪೂಜಾ ತಲೆ ಎತ್ತಿ ನೋಡಿದಳು. ಕಂಬದಿಂದ ಕಂಬಕ್ಕೆ, ಜಂತೆಯಿಂದ ಕೆಳಕ್ಕೆ, ಮುದುಕಿಯ ತಲೆಯ ನೇರಕ್ಕೆ, ತನ್ನ ಕೈಯಾರೆ ಬಡಿಸಿಟ್ಟಿದ್ದಳು. "ಗೊತ್ತಿತ್ತಾ ನಿಮಗೆ? ಮಧ್ಯಾಹ್ನದಿಂದ ಗೊತ್ತಿತ್ತಾ?"

"ಆಮ್ಯಾಲೆ ಜಗಳ ಆಡೀವಂತೆ. ಕುಡ್ಲು ತಕ್ಕೊಂಬಾ ಓಗು!"

ಅವಳ ಗಂಟುಗಳು ಅವಳಿಗೇ ಶತ್ರುವಾದವು. ಗಾಳಿಗೆ ಬಿಚ್ಚದಿರಲೆಂದು ಎರಡೆರಡು ಸುತ್ತು ಬಿಗಿದಿದ್ದ ದಾರ ಉಗುರಿಗೆ ಜಗ್ಗಲಿಲ್ಲ. ಒಳಗೆ ಓಡಿ ಕುಡುಗೋಲು ತಂದು ಸ್ಟೂಲು ಹತ್ತಿ ಕೊಯ್ದಳು. ಮೊದಲ ತೋರಣ ಕೈಗೆ ಬಂತು. ಉದುರಿದ ತೆನೆಯ ತುಂಡುಗಳನ್ನು ನೈಟಿಯ ಮೇಲೆ ಹಾಕಿಕೊಂಡಿದ್ದ ಟವೆಲಿನಲ್ಲಿ ಬಾಚಿ ಸೊಂಟಕ್ಕೆ ಗಂಟು ಹಾಕಿಕೊಂಡು ಬಾಗಿಲ ಕಡೆ ನಡೆದಳು.

"ಒಳಕ್ಕೆ ತರ್ಬ್ಯಾಡ! ಗೋಡೆ ಒಡ್ದು ತಿಂತದೆ. ದೂರ ಎಸಿ, ತಿಪ್ಪೆ ತಾವ್ಕೆ ಎಸಿ!"

ತಿಪ್ಪೆ ಅಂಗಳದ ಆಚೆ ತುದಿಯಲ್ಲಿತ್ತು. ಓಡಿ ಹೋಗಿ ಎಸೆದು ಬಂದಳು. ಎರಡನೆಯ ತೋರಣ ಕೊಯ್ದು ಮತ್ತೆ ಓಡಿದಳು. ವಾಪಸು ಬರುವಾಗ ಕೊಟ್ಟಿಗೆಯ ಹತ್ತಿರ ಬೊಗಳುತ್ತಿದ್ದ ನಾಯಿ ಇದ್ದಕ್ಕಿದ್ದಂತೆ ಸುಮ್ಮನಾಯಿತು. ಹಸು ಹಗ್ಗ ಜಗ್ಗಿತು. ಪೂಜಾ ಜಗಲಿ ಹತ್ತಿ ತಿರುಗಿ ನೋಡಿದರೆ ಬ್ಯಾರನ್ನಿನ ಗೋಡೆಯ ಪಕ್ಕದಲ್ಲಿ ಇನ್ನೊಂದು ಗೋಡೆ ನಿಂತಿತ್ತು. ಅದಕ್ಕೆ ಕಿವಿಗಳಿದ್ದವು.

ದೊಡ್ಡ ಗೊಂಚಲು ಮಂಚದ ಮೇಲೆ ತೂಗುತ್ತಲೇ ಇತ್ತು. ಅದನ್ನು ಕೊಯ್ಯುವುದೋ, ಅತ್ತೆಯನ್ನು ಎಳೆಯುವುದೋ? ಸಲಗ ಸೊಂಡಿಲೆತ್ತಿ ಗಾಳಿ ಮೂಸಿತು. ಅವಸರವೇನೂ ಇರಲಿಲ್ಲ ಅದಕ್ಕೆ. ತಿಪ್ಪೆಯ ಕಡೆ ಹೊರಳಿ ಮೊದಲ ತೋರಣವನ್ನು ಎತ್ತಿ ಮಂಡಿಗೆ ಬಡಿದು ಮಣ್ಣು ಕೊಡವಿ ಬಾಯಿಗಿಟ್ಟುಕೊಂಡಿತು. ಅಷ್ಟು ಹೊತ್ತು ಸಿಕ್ಕಿತು ಎಂದುಕೊಂಡಳು ಪೂಜಾ.

ಕಂಬಳಿಯನ್ನು ನೆಲಕ್ಕೆ ಹಾಸಿದಳು. ಮಂಚದ ತಲೆಯ ಕಡೆ ನಿಂತು ಅತ್ತೆಯ ಕಂಕುಳಿಗೆ ಕೈ ಕೊಟ್ಟು ಎಳೆದಳು. ಪ್ರೇಮಮ್ಮ ಭಾರೀ ಆಳು. ಮಗ ಹೂವಿನಂತೆ ಎತ್ತುತ್ತಿದ್ದ ಮೈ ಸೊಸೆಯ ಕೈಗೆ ಬಂಡೆಯಾಯಿತು. ಬೆನ್ನು ಜಾರಿತು, ಸೊಂಟ ಜಾರಿತು, ಸರಳು ಹಾಕಿದ ಕಾಲು ಮಂಚದ ಅಂಚಿನಿಂದ ಧಪ್ಪನೆ ನೆಲಕ್ಕೆ ಬಿತ್ತು. ಪ್ರೇಮಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡರು. ಕಣ್ಣಿಂದ ನೀರು ಕಿತ್ತುಕೊಂಡು ಬಂತೇ ಹೊರತು ಸದ್ದು ಹೊರಡಲಿಲ್ಲ. ಈ ಬಾಯಿಯನ್ನೇ ಅಲ್ಲವೇ ತಾನು ದೂರಿದ್ದು ಎಂದು ಪೂಜಾಳಿಗೆ ಅನ್ನಿಸಿತು.

ಕಂಬಳಿಯ ತುದಿ ಹಿಡಿದು ಹಿಂದೆ ಹಿಂದೆ ನಡೆದಳು. ಸಾರಿಸಿದ ನೆಲ ನುಣುಪಾಗಿತ್ತು, ಬಾಗಿಲ ತನಕ ಕಂಬಳಿ ಬಂತು. ಅಲ್ಲಿ ಹೊಸಲು. ಹಳೇ ಮನೆಯ ಹೊಸಲು, ಗೇಣೆತ್ತರ. ಪೂಜಾ ಒಳಗೆ ಕೂತು, ಹೊಸಲಿಗೆ ಎರಡೂ ಪಾದ ಒತ್ತಿಕೊಟ್ಟು, ಅತ್ತೆಯನ್ನು ಹಿಂದಿನಿಂದ ತಬ್ಬಿ ಎಳೆದಳು. ಹೆಗಲು ದಾಟಿತು, ಬೆನ್ನು ದಾಟಿತು. ಸೊಂಟಕ್ಕೆ ಬಂದು ನಿಂತೇಬಿಟ್ಟಿತು. ಇನ್ನೂ ಎಳೆದರೆ ಮಡಚದ ಆ ಕಾಲು ಹೊಸಲಿಗೆ ಬಡಿದು ಮುರಿಯುತ್ತದೆ. ಅರ್ಧ ಅತ್ತೆ ಮನೆಯೊಳಗೆ, ಅರ್ಧ ಅತ್ತೆ ಜಗಲಿಯ ಮೇಲೆ. ಬಾಗಿಲು ಹಾಕುವ ಹಾಗಿಲ್ಲ.

ತಿಪ್ಪೆಯ ಕಡೆಯಿಂದ ಹುಲ್ಲು ಸಿಗಿಯುವ ಸದ್ದು ಬರುತ್ತಿತ್ತು.

"ಶಿವಾ ಅಂತ ಒಂದು ಗಳಿಗೆ ಸುಧಾರ್ಸ್ಕೊ," ಎಂದು ಪ್ರೇಮಮ್ಮ ಪಿಸುಗುಟ್ಟಿದರು. "ಆಮ್ಯಾಲೆ ಒಂದೇ ಸಲಕ್ಕೆ ಎತ್ತು."

ಆಗ ಮಂಚದ ಮೇಲಿದ್ದ ಫೋನ್ ಮೊಳಗಿತು. ಗೌರೀಶನೇ ಇರಬೇಕು, ದೇವರಾಜ ಹೇಳಿರುತ್ತಾನೆ. ಯಾವುದೋ ಸಿನಿಮಾದ ಕುಣಿತದ ಹಾಡು ಜಗಲಿಯ ತುಂಬಾ ಕಿರುಚಿ, ಪರದೆಯ ಬೆಳಕು ಕೆಮ್ಮಣ್ಣಿನ ಗೋಡೆಯ ಮೇಲೆ ಆಡಿತು. ತಿಪ್ಪೆಯ ಕಡೆ ಸಿಗಿಯುವ ಸದ್ದು ನಿಂತಿತು. ಆನೆ ನಡೆದರೆ ಹೆಜ್ಜೆ ಕೇಳಿಸುವುದಿಲ್ಲ ಎಂದು ದೇವರಾಜ ಒಮ್ಮೆ ಹೇಳಿದ್ದ. ಕೇಳಿಸಲಿಲ್ಲ. ಜಗಲಿಯ ಮುಂದಿದ್ದ ಚೂರುಪಾರು ಬೆಳಕು ಮುಚ್ಚಿಹೋಯಿತು, ಅಷ್ಟೇ.

ಸೊಂಡಿಲು ಒಳಗೆ ಬಂತು. ನೆಟ್ಟಗೆ ಗೊಂಚಲಿಗೇ ಹೋಯಿತು. ಪೂಜಾ ಬಿಗಿದ ಗಂಟು ಅಷ್ಟು ಸುಲಭಕ್ಕೆ ಬಿಡುವಂಥದ್ದಲ್ಲ. ಆನೆ ಒಮ್ಮೆ ಜಗ್ಗಿತು, ಜಂತೆ ನರಳಿತು. ಇನ್ನೊಮ್ಮೆ ಜಗ್ಗಿದ್ದಕ್ಕೆ ಗೊಂಚಲಿನ ಜೊತೆ ಜಂತೆಯ ತುದಿಯೂ ಮುರಿದು, ಹೆಂಚುಗಳು ಮಂಚದ ಮೇಲೆ ಬಿದ್ದು ಪುಡಿಯಾದವು. ಒಂದಷ್ಟು ಹೊತ್ತಿನ ಮುಂಚೆ ಅಲ್ಲಿ ದಿಂಬಿನ ಮೇಲೆ ಪ್ರೇಮಮ್ಮನ ತಲೆಯಿತ್ತು. ಫೋನಿನ ಹಾಡು ಅಲ್ಲಿಗೇ ನಿಂತಿತು.

ಗೊಂಚಲು ತಿಂದ ಮೇಲೆ ಸೊಂಡಿಲು ಮತ್ತೆ ಬಂತು. ಮಂಚವನ್ನು ಮಗುಚಿತು. ಹಾಸಿಗೆ ಮೂಸಿತು. ನೆಲಕ್ಕಿಳಿದು, ಕಾಳು ಬಿದ್ದ ಜಾಡು ಹಿಡಿದು, ಕಂಬಳಿಯ ಮೇಲೆ ಹರಿದು ಬಂತು. ಪ್ರೇಮಮ್ಮನ ಪಾದ ಮುಟ್ಟಿತು. ಮೊಣಕಾಲು ಮುಟ್ಟಿತು. ಪೂಜಾ ಅತ್ತೆಯ ಎದೆಯ ಮೇಲೆ ಎರಡೂ ಕೈ ಹೆಣೆದುಕೊಂಡು ಹಿಡಿದಿದ್ದಳು. ಆ ಕೈಯಲ್ಲಿ ಬೆಳಗ್ಗೆಯಿಂದ ಗಂಜಿಯ ವಾಸನೆ. ಸೊಂಡಿಲಿನ ತುದಿ ಅಲ್ಲಿಗೆ ಬಂದು ನಿಂತಿತು. ಬಿಸಿಯಾದ ಒದ್ದೆ ಉಸಿರು ಬೆರಳುಗಳ ಮೇಲೆ ಬಿತ್ತು. ಅಂಗೈಯ ಕೆಳಗೆ ಅತ್ತೆಯ ಕೊರಳಿನ ಲಿಂಗದ ಕರಡಿಗೆ ಒತ್ತುತ್ತಿತ್ತು, ಅದರ ಕೆಳಗೆ ಅವರ ಎದೆ ಬಡಿತ. ಕೈ ಬಿಟ್ಟು ಓಡಿಬಿಡು ಎಂದಿತು ಅವಳ ಜೀವ. ಸುಳ್ಳು ಹೇಳಬಾರದು, ಒಮ್ಮೆ ಅಂದಿತು. ಅವಳು ಕೈಯನ್ನು ಇನ್ನೂ ಬಿಗಿ ಮಾಡಿದಳು.

"ಕದಲ್ಬ್ಯಾಡ," ಎಂದರು ಪ್ರೇಮಮ್ಮ ಉಸಿರಿನಲ್ಲೇ. ಆಮೇಲೆ ಇನ್ಯಾರಿಗೋ ಹೇಳುವಂತೆ, "ಓಗಪ್ಪ ಸ್ವಾಮಿ. ತಿಂದಾಯ್ತಲ್ಲ. ಓಗಪ್ಪ."

ಸ್ವಾಮಿಗೆ ತಿಂದು ಸಾಲದಾಗಿತ್ತು. ಬೆರಳುಗಳನ್ನು ಬಿಟ್ಟು ಪೂಜಾಳ ಸೊಂಟದ ಕಡೆ ಇಳಿದು ಟವೆಲಿನ ಗಂಟನ್ನು ಹುಡುಕಿಕೊಂಡಿತು. ತೆನೆಯ ತುಂಡುಗಳನ್ನು ಅಲ್ಲಿ ಕಟ್ಟಿಕೊಂಡದ್ದು ಅವಳಿಗೆ ಮರೆತೇ ಹೋಗಿತ್ತು. ಸೊಂಡಿಲು ಟವೆಲನ್ನು ಸುತ್ತಿಕೊಂಡು ಮೆಲ್ಲಗೆ ಎಳೆಯಿತು. ಅದಕ್ಕೆ ಮೆಲ್ಲಗೆ, ಅವಳಿಗೆ ಹೊಟ್ಟೆ ಕತ್ತರಿಸಿದಂತಾಯಿತು. ಕೂತಲ್ಲಿಂದ ಮೈ ಮುಂದಕ್ಕೆ ಜಾರಿತು. ಅತ್ತೆಯನ್ನು ಹಿಡಿದ ಕೈ ಬಿಡಿಸಿ ಗಂಟು ಬಿಚ್ಚಬಹುದಿತ್ತು. ಕೈಗಳು ಅವಳ ಮಾತು ಕೇಳಲಿಲ್ಲ.

ಯಾರದೋ ಬೆರಳು ಅವಳ ಸೊಂಟದ ಹತ್ತಿರ ಆಡಿತು. ಪ್ರೇಮಮ್ಮನದು. ಕೈಯನ್ನು ಹಿಂದಕ್ಕೆ ತಿರುಚಿ, ಸೊಂಡಿಲಿನ ಪಕ್ಕದಲ್ಲೇ, ಅದಕ್ಕೆ ತಾಕಿಕೊಂಡೇ ಗಂಟನ್ನು ಹುಡುಕಿದರು. ಒಂದು ಎಳೆ ಸಡಿಲವಾಯಿತು. ಇನ್ನೊಂದು. ಟವೆಲು ಸರ್ರನೆ ಕಳಚಿಕೊಂಡು ಸೊಂಡಿಲಿನ ಜೊತೆ ಹೊರಟುಹೋಯಿತು.

"ಈಗ ಎಳಿ."

"ಕಾಲು ಅತ್ತೆ, ಕಾಲು ಮುರೀತದೆ..."

"ಮುರುದ್ರೆ ಮುರೀಲಿ, ಎಳಿಯೇ!"

ಎಳೆದಳು. ಎಲ್ಲಿತ್ತೋ ಆ ಶಕ್ತಿ, ಅವಳಿಗೇ ತಿಳಿಯದು. ಕಾಲು ಹೊಸಲಿಗೆ ಬಡಿದ ಸದ್ದು ಕಿವಿಯಲ್ಲಿ ಉಳಿಯಿತು. ಇಬ್ಬರೂ ಒಬ್ಬರ ಮೇಲೊಬ್ಬರು ನಡುಮನೆಗೆ ಉರುಳಿದರು. ಪೂಜಾ ಮಂಡಿಯಲ್ಲೇ ತೆವಳಿ ಎರಡೂ ಬಾಗಿಲನ್ನು ದೂಡಿ ಅಗುಳಿ ಹಾಕಿ ಅದಕ್ಕೆ ಬೆನ್ನು ಕೊಟ್ಟು ಕೂತಳು.

ಆಚೆಗೆ ಬಟ್ಟೆ ಕೊಡವುವ ಸದ್ದು, ಹೆಂಚು ತುಳಿದು ನುರಿಯುವ ಸದ್ದು. ಒಮ್ಮೆ ಬಾಗಿಲು ಹೊರಗಿನಿಂದ ಒತ್ತಿದಂತಾಗಿ ಅಗುಳಿ ಕಿರುಗುಟ್ಟಿತು. ಮತ್ತೆ ಬಿಟ್ಟಿತು. ದೂರದಲ್ಲಿ ಜೀಪಿನ ಸದ್ದು ಕೇಳಿಸಿತು, ಪಟಾಕಿ ಹೊಡೆದರು, ಹೋ ಎಂದು ಕೂಗಿದರು. ಆ ಕೂಗು ಅಂಗಳ ದಾಟಿ, ಬ್ಯಾರನ್ ದಾಟಿ, ಹಳ್ಳದ ಕಡೆ ಹೋಗುತ್ತಾ ಹೋಗುತ್ತಾ ಸಣ್ಣದಾಯಿತು. ಕೊಟ್ಟಿಗೆಯ ಕಡೆ ನಾಯಿ, ಎಲ್ಲ ಮುಗಿದ ಮೇಲೆ, ಜೋರಾಗಿ ಬೊಗಳಿತು.

ಕಿಟಕಿಯ ಸಂದಿಯಲ್ಲಿ ಟಾರ್ಚಿನ ಬೆಳಕು ಬಂತು. ದೇವರಾಜನ ದನಿ. "ಪೂಜಕ್ಕಾ! ಎಲ್ಲಾ ಉಸಾರಾಗಿದ್ದೀರಾ? ದೊಡ್ಡವ್ವ?"

"ಇದೀವಿ," ಎಂದಳು ಪೂಜಾ.

"ಇದೇನಕ್ಕ, ಜಗಲಿ ತುಂಬಾ ಭತ್ತದ ಉಲ್ಲು! ಯಾರ ಬುದ್ಧೀಲಿ ಕಟ್ಟಿದ್ದು ಇದಾ?"

ಪೂಜಾ ಬಾಯಿ ತೆರೆಯುವ ಮೊದಲೇ ನೆಲದ ಮೇಲೆ ಬಿದ್ದಿದ್ದ ಪ್ರೇಮಮ್ಮ ದನಿ ಎತ್ತಿದರು. "ನಾನು ಕಣ್ಲಾ ಕಟ್ಸಿದ್ದು! ಏನೀಗ? ನೀನು ಓಗಿ ಅದು ಕಾಡು ಸೇರ್ತಾ ನೋಡೋಗು."

ಬೆಳಕು ಆಚೆ ಹೋಯಿತು. ಪೂಜಾ ದೀಪ ಹಾಕಿದಳು. ಅತ್ತೆಯ ಮುಖ ಬಿಳಿಚಿತ್ತು, ವಿಭೂತಿ ಕಣ್ಣೀರಿಗೆ ಕಲಸಿತ್ತು. ಕಾಲು ಓರೆಯಾಗಿ ಬಿದ್ದಿತ್ತು. ಅದನ್ನು ನೋಡಿದ್ದೇ ಅವಳಿಗೆ ಭಯವೆಲ್ಲ ಕೋಪವಾಯಿತು. ಕೋಪ ತನ್ನ ಮೇಲೋ ಅತ್ತೆಯ ಮೇಲೋ ಅವಳಿಗೆ ಗೊತ್ತಾಗಲಿಲ್ಲ, ಎರಡನ್ನೂ ಸೇರಿಸಿ ಕೂಗಿದಳು.

"ಯಾಕೆ ಸುಳ್ಳು ಹೇಳ್ತೀರಾ? ಕಟ್ಟಿದ್ದು ನಾನು! ಮಧ್ಯಾಹ್ನದಿಂದ ನೋಡ್ತಾ ಮಲಗಿದ್ರಲ್ಲ, ಒಂದು ಮಾತು ಬೇಡ್ವಾ? ಹೆಂಚು ಬಿತ್ತಲ್ಲ ಆ ದಿಂಬಿನ ಮೇಲೆ, ಅಲ್ಲೇ ಸತ್ತೋಗಿದ್ರೆ?"

"ಬಾಯಿ ಬುಟ್ರೆ ತಪ್ಪು ಉಡುಕ್ತೀನಿ ಅಂತೀಯಲ್ಲ," ಎಂದರು ಪ್ರೇಮಮ್ಮ.

"ಅದಕ್ಕೆ ಸಾಯ್ತೀರಾ?"

ಪ್ರೇಮಮ್ಮ ಸೂರಿನ ಕಡೆ ನೋಡುತ್ತಾ ಮಲಗಿದ್ದರು. ಅಲ್ಲಿ ನೋಡುವಂಥದ್ದೇನೂ ಇರಲಿಲ್ಲ. "ಏಳಣ ಅಂತ್ಲೇ ಬಾಯಿ ತೆಗ್ದೆ ಕಣೆ. ಆಮ್ಯಾಲೆ... ಚೆನ್ನಾಗಿತ್ತು. ಬಿಸ್ಲು ಬಿದ್ರೆ ಅಂಗೇ ಒಳೀತಿತ್ತು. ಗೌರೀಶ ಬಂದ್ರೆ ಎಂಗೂ ಕೀಳುಸ್ತಾನೆ, ಅಲ್ಲೀಗಂಟ ನೋಡ್ಕೊಂಡಿರಣ ಅಂತ ಸುಮ್ಕಾದೆ."

ಪೂಜಾ ಅಲ್ಲೇ ಕುಕ್ಕರುಬಡಿದಳು. ಅಳು ಬಂತು, ಅಳುವಿನ ಜೊತೆ ಮಾತೂ ಬಂತು. "ಬೈಯಿರಿ ಅತ್ತೆ. ನಾನು ತಪ್ಪು ಮಾಡಿದ್ರೆ ಆಗ್ಲೇ ಬೈಯಿರಿ. ಇವ್ರು ಹೇಳಿದ್ರು, ನಾನು ಹೇಳ್ದೆ ಅಂತ ಬಾಯಿ ಮುಚ್ಕೊಂಡು ಮಲಗ್ಬೇಡಿ."

"ಬೈಲಾ?"

"ಬೈಯಿರಿ."

"ಮೊದ್ಲು ಕಾಲು ನೆಟ್ಟಗೆ ಮಾಡು, ಜೀವ ಓಯ್ತಾ ಅದೆ."

ಪೂಜಾ ಮಂಡಿಯೂರಿ ಎರಡೂ ಕೈಯಲ್ಲಿ ಕಾಲನ್ನು ಆನಿಸಿಕೊಂಡು ಗೋಡೆ ಬದಿಯ ರಾಗಿ ಹಿಟ್ಟಿನ ಚೀಲಕ್ಕೆ ಒರಗಿಸತೊಡಗಿದಳು. ಪ್ರೇಮಮ್ಮ ಹಲ್ಲು ಕಚ್ಚಿ, ಉಸಿರು ಎಳೆದು, ಶುರು ಮಾಡಿದರು.

"ಗಂಜಿ ಬಳೀತಾಳಂತೆ ಗಂಜಿ! ಕಾಡು ಪಕ್ಕದಲ್ಲಿ ಕೂತ್ಕಂಡು ಭತ್ತಕ್ಕೆ ಗಂಜಿ ಕುಡ್ಸಿ ನೇತಾಕೋಳು ನಿನ್ನ ಬುಟ್ರೆ ಇನ್ನೊಬ್ಬಳು ಉಟ್ಟಿಲ್ಲ ಕಣೆ. ಮಿರ್ಲೇಲಿ ಗುಬ್ಬಿ ಬತ್ತದೆ ಅಂದ್ರೆ ಇಲ್ಲೂ ಗುಬ್ಬಿ ಬತ್ತದಾ? ಕಣ್ಣು ಎಲ್ಲಿ ಮಡಗಿದ್ದೆ? ನಿಮ್ಮವ್ವ ಜಡೆ ಎಣೆಯೋದು ಕಲಿಸಿದ್ಲು, ಬುದ್ಧಿ ಯಾವಾಗ ಕಲಿಸ್ತಾಳೆ?" ಬೈಯುತ್ತಲೇ ಸೊಸೆಯ ನೈಟಿಯ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದರು. "ಆ ಟವಲ್ಲು ಸೊಂಟಕ್ಕೆ ಕಟ್ಕೊಳ್ಳೋರು ಯಾರಾದ್ರೂ ಅವ್ರಾ? ಅದು ನಿನ್ನ ಎಳ್ಕೊಂಡು ಓಗಿದ್ರೆ ನಾನು ಗೌರೀಶಂಗೆ ಏನಂತ ಏಳ್ಲಿ? ಏನಂತ ಏಳ್ಬೇಕಾಗಿತ್ತೆ ನಾನು?"

"ಹ್ಞೂ, ಇನ್ನೂ?" ಎಂದಳು ಪೂಜಾ.